ಕೊಲ್ಹಾಪುರಕ್ಕೊಂದು ವೃತ್ತಿಪರ ತಂಡ ಬಂದೀತೇ?

ಕೊಲ್ಹಾಪುರದ ರಾಜರ್ಷಿ ಶಾಹು ಕ್ರೀಡಾಂಗಣದಲ್ಲಿ ಪಾಟಾಕಡೀಲ್ ತಾಲೀಮ್ ಮಂಡಳಕ್ಕೂ ಶಿವಾಜಿ ತರುಣ ಮಂಡಳಕ್ಕೂ ಪಂದ್ಯವಿದ್ದರೆ ಆ ದಿನ ಪೇಟೆಯ ಮಾತೆಲ್ಲ ಫುಟ್‌ಬಾಲಿನದೇ. ಒಂದೊಂದು ತಂಡದ ಹಿಂದೆ ಒಂದೊಂದು ಓಣಿಯೇ ನಿಂತಿರುತ್ತದೆ. ಅಜ್ಜ ಕುಸ್ತಿ ಹಿಡಿದ ತಾಲೀಮಿನ, ಅಂದರೆ ಗರಡಿಯ, ಹೆಸರಿನಲ್ಲೇ ಮೊಮ್ಮಗ ಚೆಂಡು ಒದೆಯುತ್ತಾನೆ. ಖಂಡೋಬಾ, ಬಾಲಗೋಪಾಲ, ದಿಲ್‌ಬಹಾರ್, ಪ್ರಾಕ್ಟೀಸ್ ಕ್ಲಬ್ ಎಂಬ ಹೆಸರುಗಳು ಇಲ್ಲಿ ಮನೆಮಾತು. ವಿಶ್ವಕಪ್ ಬಂದರಂತೂ ಅರ್ಜೆಂಟೀನಾ, ಬ್ರೆಜಿಲ್ ಬಾವುಟಗಳು ಓಣಿಓಣಿಗೂ ಏರುತ್ತವೆ, ಆಟಗಾರರ ಕಟೌಟುಗಳು ಮನೆಗಳಿಗಿಂತ ಎತ್ತರಕ್ಕೆ ನಿಲ್ಲುತ್ತವೆ.

ಈ ಹುಚ್ಚು ಕೊಲ್ಹಾಪುರದ ಗಡಿಯೊಳಗೆ ನಿಲ್ಲುವಂಥದ್ದಲ್ಲ. ಮೂವತ್ತು ಕಿಲೋಮೀಟರ್ ಆಚೆ, ಮಗ್ಗದ ಸದ್ದು ನಿಲ್ಲದ ಇಚಲಕರಂಜಿ ಮತ್ತು ಅದಕ್ಕೆ ಅಂಟಿಕೊಂಡ ಶಹಾಪುರದಲ್ಲೂ ಆಟದ ಪ್ರೀತಿ ಇದೆ. ದಕ್ಷಿಣಕ್ಕೆ ಕರ್ನಾಟಕದ ಗಡಿಯಂಚಿನ ಗಡಹಿಂಗ್ಲಜದಲ್ಲಿ ಎಂ.ಆರ್. ಹೈಸ್ಕೂಲ್ ಮೈದಾನದ ಫುಟ್‌ಬಾಲ್ ಟೂರ್ನಿಗೆ ಹೊರರಾಜ್ಯಗಳ ತಂಡಗಳೂ ಬಂದು ಆಡಿ ಹೋಗುತ್ತವೆ. ಸುತ್ತಲಿನ ಕೆಲವು ಹಳ್ಳಿಗಳಲ್ಲಿ ಮನೆಯೊಳಗೆ ಕನ್ನಡ, ಸಂತೆಯಲ್ಲಿ ಮರಾಠಿ. ಮೈದಾನದ ಅಂಚಿನಲ್ಲಿ ಎರಡೂ ಒಟ್ಟಿಗೆ ಕೇಳುತ್ತವೆ.

ಇಷ್ಟೆಲ್ಲ ಇದ್ದೂ ಈ ಸೀಮೆಗೆ ತನ್ನ ನೆಲದಲ್ಲೇ ಆಡುವ ಒಂದು ವೃತ್ತಿಪರ ತಂಡವಿಲ್ಲ. ದೇಶದಲ್ಲಿ ತಂಡಗಳು ಒಂದೂರು ಬಿಟ್ಟು ಇನ್ನೊಂದೂರಿಗೆ ಹೋಗುವುದು ಈಗ ಹೊಸ ಸುದ್ದಿಯಲ್ಲ. ಹಾಗೆ ಹೊರಟ ತಂಡವೊಂದು ಕೊಲ್ಹಾಪುರದ ಪಂಚಗಂಗೆಯ ದಡಕ್ಕೆ ಬರಬಹುದೇ? ಉತ್ತರ ಬೇಕಿದ್ದರೆ ಈವರೆಗೆ ಹೋದ ತಂಡಗಳು ಏಕೆ ಹೋದವು, ಎಲ್ಲಿಗೆ ಹೋದವು ಎಂಬುದನ್ನು ನೋಡಬೇಕು.

ಮೊದಲು ಅನೇಕ ತಂಡಗಳು ಊರಿನವಾಗಿರಲಿಲ್ಲ, ಕಾರ್ಖಾನೆಯವಾಗಿದ್ದವು. ಬೆಂಗಳೂರಿನ ಐಟಿಐ, ಎಚ್‌ಎಎಲ್, ಮುಂಬೈನ ಮಹೀಂದ್ರಾ, ಪಂಜಾಬಿನ ಜೆಸಿಟಿ ತಂಡಗಳು ಸಂಸ್ಥೆಯ ನೆರಳಲ್ಲಿ ಬೆಳೆದವು. ಆಟಗಾರನಿಗೆ ನೌಕರಿ, ಕಂಪನಿಗೆ ಹೆಸರು. ಅಂಥ ತಂಡ ಊರು ಬದಲಿಸುತ್ತಿರಲಿಲ್ಲ. ಸಂಸ್ಥೆ ಕೈಬಿಟ್ಟರೆ ಮುಚ್ಚಿಹೋಗುತ್ತಿತ್ತು. ಮಹೀಂದ್ರಾ ಯುನೈಟೆಡ್ 2010ರಲ್ಲಿ, ಜೆಸಿಟಿ 2011ರಲ್ಲಿ ಹಾಗೆಯೇ ಕಣ್ಮರೆಯಾದವು.

2008ರಲ್ಲಿ ಐಪಿಎಲ್ ಬಂದಮೇಲೆ ಲೆಕ್ಕವೇ ಬದಲಾಯಿತು. ಹರಾಜಿನಲ್ಲಿ ಊರಿನ ಹೆಸರಿಗೆ ಬೆಲೆ ಕಟ್ಟಿದರು. 2014ರಲ್ಲಿ ಪ್ರೊ ಕಬಡ್ಡಿಯೂ ಫುಟ್‌ಬಾಲಿನ ಇಂಡಿಯನ್ ಸೂಪರ್ ಲೀಗೂ (ಐಎಸ್‌ಎಲ್) ಅದೇ ದಾರಿ ಹಿಡಿದವು. ಹೆಸರು ಊರಿನದು, ಒಡೆತನ ಬೇರೆಯವರದು ಎಂಬ ಈ ಏರ್ಪಾಡಿನಲ್ಲೇ ವಲಸೆಯ ಬೀಜವಿತ್ತು. ಒಡೆಯನಿಗೆ ನಷ್ಟವಾದರೆ, ಕ್ರೀಡಾಂಗಣ ಸಿಗದಿದ್ದರೆ ತಂಡ ಗಂಟುಮೂಟೆ ಕಟ್ಟಬಹುದು.

ಇದರ ಪೆಟ್ಟನ್ನು ಪುಣೆಯಷ್ಟು ಉಂಡ ಊರು ಇನ್ನೊಂದಿಲ್ಲ. ಕ್ರಿಕೆಟ್‌ನಲ್ಲಿ ಪುಣೆ ವಾರಿಯರ್ಸ್ 2011ರಿಂದ 2013ರವರೆಗೆ ಆಡಿ ಹೋಯಿತು. ಸೂಪರ್‌ಜೈಂಟ್ 2016 ಮತ್ತು 2017, ಎರಡೇ ವರ್ಷ. ಫುಟ್‌ಬಾಲ್‌ನಲ್ಲಿ ಪುಣೆ ಎಫ್‌ಸಿ, ಭಾರತ್ ಎಫ್‌ಸಿ, ಡಿಎಸ್‌ಕೆ ಶಿವಾಜಿಯನ್ಸ್ ಒಂದರ ಹಿಂದೊಂದು ಬಂದವು, ಹೋದವು. 2014ರಲ್ಲಿ ಹುಟ್ಟಿದ ಎಫ್‌ಸಿ ಪುಣೆ ಸಿಟಿ ಬಾಲೆವಾಡಿಯಲ್ಲಿ ಐದು ಋತು ಆಡಿತು. 2019ರಲ್ಲಿ ಲೀಗಿನಲ್ಲಿ ಅದರ ಜಾಗ ಹೊಸ ಒಡೆಯರ ಕೈಸೇರಿ ಹೈದರಾಬಾದ್ ಎಫ್‌ಸಿ ಆಯಿತು.

ಆ ಹೈದರಾಬಾದ್ ತಂಡ 2022ರ ಮಾರ್ಚ್ 20ರಂದು ಗೋವಾದ ಫತೋರ್ಡಾದಲ್ಲಿ ಕೇರಳ ಬ್ಲಾಸ್ಟರ್ಸ್ ತಂಡವನ್ನು ಪೆನಾಲ್ಟಿಯಲ್ಲಿ ಸೋಲಿಸಿ ಐಎಸ್‌ಎಲ್ ಚಾಂಪಿಯನ್ ಆಯಿತು. ಆ ಋತುವಿನ ತಂಡದಲ್ಲಿ ಕೊಲ್ಹಾಪುರದ ಹುಡುಗ ಅನಿಕೇತ್ ಜಾಧವ್ ಇದ್ದ. 2017ರಲ್ಲಿ ಭಾರತದಲ್ಲೇ ನಡೆದ 17 ವರ್ಷದೊಳಗಿನವರ ವಿಶ್ವಕಪ್ ಆಡಿದವನು ಅವನು. ಅವನ ಊರಿಂದ ಇನ್ನೂರು ಚಿಲ್ಲರೆ ಕಿಲೋಮೀಟರ್ ದೂರದ ಪುಣೆ ಕಳೆದುಕೊಂಡ ಜಾಗದಲ್ಲಿ ಎದ್ದ ತೆಲಂಗಾಣದ ತಂಡವನ್ನು ಅವನು ಸೇರಬೇಕಾಯಿತು. ಮುಂದೆ ಆ ತಂಡವೂ ಹಣದ ಮುಗ್ಗಟ್ಟಿಗೆ ಸಿಕ್ಕಿ, ಮತ್ತೆ ಒಡೆತನ ಬದಲಾಗಿ, 2025ರಲ್ಲಿ ದೆಹಲಿಗೆ ಹೋಗಿ ಸ್ಪೋರ್ಟಿಂಗ್ ಕ್ಲಬ್ ಡೆಲ್ಲಿ ಎಂಬ ಹೆಸರು ಪಡೆಯಿತು.

ದೆಹಲಿ ಅದಕ್ಕೂ ಮೊದಲೇ ತನ್ನ ತಂಡವನ್ನು ಕಳೆದುಕೊಂಡಿತ್ತು. ಡೆಲ್ಲಿ ಡೈನಮೋಸ್ 2019ರಲ್ಲಿ ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್‌ಸಿ ಆಯಿತು. ಭುವನೇಶ್ವರ ದೆಹಲಿಗಿಂತ ಬಹಳ ಚಿಕ್ಕ ಊರು. ಆದರೆ ಅಲ್ಲಿ ಕಳಿಂಗ ಕ್ರೀಡಾಂಗಣ ಸಿದ್ಧವಾಗಿತ್ತು, 2018ರ ಹಾಕಿ ವಿಶ್ವಕಪ್ ನಡೆಸಿದ ಅನುಭವವಿತ್ತು, ಆಟಕ್ಕೆ ಹಣ ಹಾಕಲು ಮನಸ್ಸಿದ್ದ ರಾಜ್ಯ ಸರ್ಕಾರವಿತ್ತು. ನಾಲ್ಕು ವರ್ಷದಲ್ಲಿ, 2023ರ ಏಪ್ರಿಲ್‌ನಲ್ಲಿ, ಒಡಿಶಾ ತಂಡ ಬೆಂಗಳೂರು ಎಫ್‌ಸಿಯನ್ನು 2-1ರಿಂದ ಸೋಲಿಸಿ ಸೂಪರ್ ಕಪ್ ಗೆದ್ದಿತು.

ಕರ್ನಾಟಕದ ಕಥೆಯೂ ಇದನ್ನೇ ಹೇಳುತ್ತದೆ. ಬೆಂಗಳೂರು ಬುಲ್ಸ್ ಕಬಡ್ಡಿ ತಂಡಕ್ಕೆ ಕಂಠೀರವ ಒಳಾಂಗಣ ಸಿಗದೆ 2017ರಲ್ಲಿ ನಾಗ್ಪುರದಲ್ಲಿ, ಮರುವರ್ಷ ಪುಣೆಯಲ್ಲಿ ‘ತವರಿನ’ ಪಂದ್ಯಗಳನ್ನು ಆಡಬೇಕಾಯಿತು. ತವರಿಲ್ಲದ ಆ ಋತುವಿನಲ್ಲೇ, 2019ರ ಜನವರಿ 5ರಂದು ಮುಂಬೈನಲ್ಲಿ, ಗುಜರಾತ್ ತಂಡವನ್ನು 38-33ರಿಂದ ಮಣಿಸಿ ಬುಲ್ಸ್ ಚಾಂಪಿಯನ್ ಆಯಿತು. ಪವನ್ ಸೆಹ್ರಾವತ್ ಒಬ್ಬನೇ 22 ಅಂಕ ತಂದ ಆ ರಾತ್ರಿಯನ್ನು ಬೆಂಗಳೂರಿನ ಅಭಿಮಾನಿಗಳು ನೋಡಿದ್ದು ಟಿವಿಯಲ್ಲಿ.

2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಪ್ರಾಣ ಕಳೆದುಕೊಂಡ ಮೇಲೆ, ಅದೇ ವರ್ಷದ ಮಹಿಳಾ ಕ್ರಿಕೆಟ್ ವಿಶ್ವಕಪ್ ಪಂದ್ಯಗಳು ಬೆಂಗಳೂರಿನಿಂದ ನವಿ ಮುಂಬೈಗೆ ಹೋದವು. ರಾಜ್ಯದ ಟಿ20 ಟೂರ್ನಿಯಾದ ಮಹಾರಾಜ ಟ್ರೋಫಿ ಮೈಸೂರಿಗೆ ಹೋಯಿತು. ದೊಡ್ಡ ಊರಿನಲ್ಲಿ ಮೈದಾನದ ಬಾಗಿಲು ಮುಚ್ಚಿದಾಗ, ಬಾಗಿಲು ತೆರೆದಿಟ್ಟುಕೊಂಡ ಊರಿಗೆ ಆಟ ಬರುತ್ತದೆ.

ಹೀಗೆ ಅತಿಥಿಯಾಗಿ ಬಂದದ್ದೇ ಮುಂದೆ ಮನೆಮಗನಾಗುವುದಕ್ಕೂ ಉದಾಹರಣೆಯಿದೆ. ಅಮೆರಿಕದ ಒಕ್ಲಹೋಮಾ ಸಿಟಿ 2002ರಲ್ಲೇ ದೊಡ್ಡ ಒಳಾಂಗಣವೊಂದನ್ನು ಕಟ್ಟಿಕೊಂಡಿತ್ತು. 2005ರಲ್ಲಿ ಕತ್ರಿನಾ ಚಂಡಮಾರುತಕ್ಕೆ ನ್ಯೂ ಆರ್ಲಿಯನ್ಸ್ ಮುಳುಗಿದಾಗ ಅಲ್ಲಿಯ ಬಾಸ್ಕೆಟ್‌ಬಾಲ್ ತಂಡಕ್ಕೆ ಎರಡು ಋತು ಆಸರೆ ಕೊಟ್ಟಿತು. ಜನ ತುಂಬಿ ಬಂದರು. ಅದನ್ನು ಲೀಗ್ ನೋಡಿತು. 2008ರಲ್ಲಿ ಸಿಯಾಟಲ್ ತಂಡವೇ ಕಾಯಂ ಆಗಿ ಅಲ್ಲಿಗೆ ಬಂತು. 2025ರಲ್ಲಿ ಎನ್‌ಬಿಎ ಗೆದ್ದಿತು. ಸಿಯಾಟಲ್‌ಗೆ ಮಾತ್ರ ನಾಲ್ಕು ದಶಕದ ತಂಡ ಕೈತಪ್ಪಿತು. ಇಂಗ್ಲೆಂಡಿನಲ್ಲಿ ವಿಂಬಲ್ಡನ್ ಫುಟ್‌ಬಾಲ್ ತಂಡವನ್ನು ಮಿಲ್ಟನ್ ಕೀನ್ಸ್‌ಗೆ ಒಯ್ಯಲು ಹೊರಟಾಗ ಅಭಿಮಾನಿಗಳು ಒಪ್ಪಲಿಲ್ಲ. 2002ರಲ್ಲಿ ತಾವೇ ಹೊಸ ಕ್ಲಬ್ ಕಟ್ಟಿ, ಕೆಳಗಿನ ದರ್ಜೆಯಿಂದ ಆಡುತ್ತ ವೃತ್ತಿಪರ ಲೀಗಿಗೆ ಏರಿದರು.

ಈ ಎರಡೂ ದಾರಿ ಕೊಲ್ಹಾಪುರದ ಮುಂದಿವೆ.

ಅನುಕೂಲಗಳಿಗೇನೂ ಕೊರತೆಯಿಲ್ಲ. 2011ರ ಜನಗಣತಿಯಲ್ಲಿ ಕೊಲ್ಹಾಪುರ ನಗರದ ಜನಸಂಖ್ಯೆ ಐದೂವರೆ ಲಕ್ಷದ ಹತ್ತಿರ, ಇಚಲಕರಂಜಿಯದು ಮೂರು ಲಕ್ಷದ ಹತ್ತಿರ. ಹೆದ್ದಾರಿಯಲ್ಲಿ ನಿಪ್ಪಾಣಿ, ಸಂಕೇಶ್ವರ ದಾಟಿದರೆ ಬೆಳಗಾವಿ. ಒಟ್ಟು ನೂರು ಚಿಲ್ಲರೆ ಕಿಲೋಮೀಟರ್. ಪಂದ್ಯ ಮುಗಿಸಿ ರಾತ್ರಿ ಮನೆ ಸೇರಬಹುದಾದಷ್ಟು ಹತ್ತಿರದಲ್ಲಿ ಎರಡು ರಾಜ್ಯಗಳ ಪ್ರೇಕ್ಷಕರಿದ್ದಾರೆ. ಕೊಲ್ಹಾಪುರದ ಉಜಳಾಯಿವಾಡಿ ವಿಮಾನ ನಿಲ್ದಾಣಕ್ಕೆ 2024ರಲ್ಲಿ ಹೊಸ ಟರ್ಮಿನಲ್ ಬಂದಿದೆ. ಸಕ್ಕರೆ, ಎರಕದ ಕೈಗಾರಿಕೆ, ಜವಳಿ ಇರುವುದರಿಂದ ಹಣ ಹಾಕಬಲ್ಲವರೂ ಇದ್ದಾರೆ.

ಪರಂಪರೆಯ ಮಾತು ಬೇರೆಯೇ. ಶಾಹು ಮಹಾರಾಜರು 1912ರಲ್ಲಿ ಕಟ್ಟಿಸಿದ ಖಾಸಬಾಗ್ ಕುಸ್ತಿ ಮೈದಾನ ಇಂದಿಗೂ ನಿಂತಿದೆ. ನಡುವೆ ಕೆಮ್ಮಣ್ಣಿನ ಅಖಾಡ, ಸುತ್ತ ಏರುತ್ತ ಹೋಗುವ ಇಳಿಜಾರು. ಎಲ್ಲಿ ಕೂತರೂ ಜಟ್ಟಿಗಳ ಪಟ್ಟು ಕಾಣುವಂತೆ ರೂಪಿಸಿದ ಜಾಗ ಅದು. ಆಟ ನೋಡುವವನ ಕಣ್ಣಿಗೂ ಬೆಲೆಯಿದೆ ಎಂದು ನೂರು ವರ್ಷದ ಹಿಂದೆಯೇ ತಿಳಿದಿದ್ದ ಊರು ಇದು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ಕುಸ್ತಿಪಟು ಖಾಶಾಬಾ ಜಾಧವ್ ಹೋಗುವಾಗ ಹಣ ಹೊಂದಿಸಲು ಕೊಲ್ಹಾಪುರದ ರಾಜಾರಾಮ್ ಕಾಲೇಜಿನ ಪ್ರಾಂಶುಪಾಲ ಖರ್ಡೇಕರ್ ತಮ್ಮ ಮನೆಯನ್ನೇ ಅಡವಿಟ್ಟಿದ್ದರು. ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಪದಕ ಹಾಗೆ ಬಂತು. 2024ರಲ್ಲಿ ಪ್ಯಾರಿಸ್‌ನಲ್ಲಿ ಶೂಟಿಂಗ್ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆಯ ಊರು ಇದೇ ಜಿಲ್ಲೆಯ ರಾಧಾನಗರಿ ತಾಲ್ಲೂಕಿನ ಕಾಂಬಳವಾಡಿ.

ಕೊರತೆ ಇರುವುದು ಮೈದಾನದ ಕಡೆಗೆ. ಕ್ರಿಕೆಟ್‌ನ ಮಹಾರಾಷ್ಟ್ರ ಪ್ರೀಮಿಯರ್ ಲೀಗ್ 2023ರಲ್ಲಿ ಶುರುವಾದಾಗ ಕೊಲ್ಹಾಪುರ ಟಸ್ಕರ್ಸ್ ಎಂಬ ತಂಡ ಹುಟ್ಟಿತು. ಕೇದಾರ್ ಜಾಧವ್ ನಾಯಕ. ಮೊದಲ ವರ್ಷವೇ ಫೈನಲ್ ತಲುಪಿತು. ಆದರೆ ಲೀಗಿನ ಪಂದ್ಯಗಳು ನಡೆದದ್ದು ಪುಣೆ ಬಳಿಯ ಗಹುಂಜೆಯಲ್ಲಿ. ಹೆಸರು ಕೊಲ್ಹಾಪುರದ್ದು, ಗದ್ದಲ ಪುಣೆಯದು. ಗಡಿಯಾಚೆ ಬೆಳಗಾವಿಯದು ಇದರ ತಿರುಗುಮುರುಗು. ಆಟೋನಗರದಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆಯ ಒಳ್ಳೆಯ ಮೈದಾನವಿದೆ. 2019ರಲ್ಲಿ ಭಾರತ ‘ಎ’ ಮತ್ತು ಶ್ರೀಲಂಕಾ ‘ಎ’ ತಂಡಗಳು ಅಲ್ಲಿ ಆಡಿವೆ. ಆದರೆ 2017ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ಗೆದ್ದ ಬೆಳಗಾವಿ ಪ್ಯಾಂಥರ್ಸ್, ಅದರ ಜಾಗದಲ್ಲಿ 2022ರಲ್ಲಿ ಮಹಾರಾಜ ಟ್ರೋಫಿ ಶುರುವಾಗುವಾಗ ಪಟ್ಟಿಯಲ್ಲೇ ಇರಲಿಲ್ಲ. ಒಂದೂರಿಗೆ ತಂಡವಿದೆ, ತವರಿನ ಪಂದ್ಯವಿಲ್ಲ. ಇನ್ನೊಂದಕ್ಕೆ ಮೈದಾನವಿದೆ, ತಂಡವಿಲ್ಲ.

ಫುಟ್‌ಬಾಲ್‌ನಲ್ಲೂ ಇದೇ ತೊಡಕು. ವೃತ್ತಿಪರ ಲೀಗ್ ಒಂದು ಊರನ್ನು ಒಪ್ಪಬೇಕಾದರೆ ಟಿವಿ ಪ್ರಸಾರಕ್ಕೆ ಸಾಲುವ ದೀಪ, ನೀರು ನಿಲ್ಲದ ಹುಲ್ಲುಹಾಸು, ಆಟಗಾರರ ಕೋಣೆ, ಪ್ರೇಕ್ಷಕರು ಸಲೀಸಾಗಿ ಹೊರಬರುವ ದಾರಿ, ಎಲ್ಲವನ್ನೂ ಕಾಗದದ ಮೇಲಲ್ಲ, ಕಣ್ಣಾರೆ ತೋರಿಸಬೇಕು. 2019 ಮತ್ತು 2021ರ ಮಹಾಪೂರದಲ್ಲಿ ಹೆದ್ದಾರಿಯೇ ಮುಳುಗಿದ್ದ ಊರು ಇದು. ಕಟ್ಟುವ ಜಾಗವನ್ನೂ ಪಂಚಗಂಗೆಯ ಪಾತ್ರ ನೋಡಿ ಆರಿಸಬೇಕು.

ಇದರ ಮೇಲೆ ಲೀಗುಗಳ ಕಾಲವೂ ನೆಟ್ಟಗಿಲ್ಲ. ಐಎಸ್‌ಎಲ್ ನಡೆಸುತ್ತಿದ್ದ ಸಂಸ್ಥೆಗೂ ಫುಟ್‌ಬಾಲ್ ಫೆಡರೇಷನ್‌ಗೂ ಇದ್ದ ಒಪ್ಪಂದದ ಗೊಂದಲದಲ್ಲಿ 2025ರ ಋತು ಹೊತ್ತಿಗೆ ಸರಿಯಾಗಿ ಶುರುವಾಗಲೇ ಇಲ್ಲ. ಪ್ರೊ ಕಬಡ್ಡಿ ಕೆಲವೇ ಊರುಗಳಲ್ಲಿ ಬೀಡುಬಿಟ್ಟು ಪಂದ್ಯ ಮುಗಿಸುತ್ತಿದೆ. ಇಂಥ ಹೊತ್ತಿನಲ್ಲಿ ಕೋಟಿಗಟ್ಟಲೆ ಕೊಟ್ಟು ಬೇರೆ ಊರಿನ ತಂಡವನ್ನು ಎಬ್ಬಿಸಿ ತರುವುದು ಕೊಲ್ಹಾಪುರಕ್ಕೆ ಒಳ್ಳೆಯ ವ್ಯಾಪಾರವಲ್ಲ. ಪುಣೆಯಿಂದ ಹೈದರಾಬಾದಿಗೆ, ಅಲ್ಲಿಂದ ದೆಹಲಿಗೆ ಹೋದ ತಂಡ ಇಲ್ಲಿಂದಲೂ ಒಂದು ದಿನ ಎದ್ದು ಹೋಗಬಹುದು.

ತಾಲೀಮುಗಳು ಹಾಗೆ ಎದ್ದು ಹೋಗುವುದಿಲ್ಲ. ಅವುಗಳ ಬಲದ ಮೇಲೆ ಮೇಲೇರುವ ದಾರಿಯೂ ಇದೆ. 2023ರಲ್ಲಿ ಐಎಸ್‌ಎಲ್‌ಗಿಂತ ಕೆಳಗಿನ ಐ-ಲೀಗ್ ಗೆದ್ದ ಪಂಜಾಬ್ ತಂಡ ಐಎಸ್‌ಎಲ್‌ಗೆ ಬಡ್ತಿ ಪಡೆದಾಗ, ಕೆಳಗಿನಿಂದ ಆಡಿ ಮೇಲೇರುವ ಬಾಗಿಲು ತೆರೆಯಿತು. ಪೇಟೆಗಳ ಮಂಡಳಗಳು ತಮ್ಮ ಹಗೆತನವನ್ನು ಸ್ಥಳೀಯ ಲೀಗಿಗೆ ಮೀಸಲಿಟ್ಟು, ಗಡಹಿಂಗ್ಲಜದ ಆಟಗಾರರನ್ನೂ ಇಚಲಕರಂಜಿಯ ಉದ್ಯಮಿಗಳನ್ನೂ ಸೇರಿಸಿಕೊಂಡು ಒಂದೇ ಜಿಲ್ಲಾ ಕ್ಲಬ್ ಕಟ್ಟಿದರೆ ಕೆಳಗಿನ ದರ್ಜೆಯ ಲೀಗಿನಿಂದ ಹೆಜ್ಜೆ ಇಡಬಹುದು. ಅದರ ಜೊತೆಗೇ ಒಕ್ಲಹೋಮಾದಂತೆ ಮೈದಾನ ಸಿದ್ಧಮಾಡಿಟ್ಟು, ವರ್ಷಕ್ಕೆ ಎರಡೋ ಮೂರೋ ಪಂದ್ಯವನ್ನು ಅತಿಥಿಯಾಗಿ ಕರೆಯಬಹುದು. ಟಸ್ಕರ್ಸ್ ತನ್ನ ಹೆಸರಿನ ಊರಿನಲ್ಲಿ ಒಂದು ಪಂದ್ಯ ಆಡುವುದರಿಂದಲೇ ಅದು ಶುರುವಾಗಲಿ. ಆ ಸಂಜೆ ಶಹಾಪುರದ ನೇಕಾರನೊಬ್ಬ ಪಾಳಿ ಮುಗಿಸಿ, ಮಗನನ್ನು ಕರೆದುಕೊಂಡು, ಕೊನೆಯ ಬಸ್ಸಿಗೆ ಮರಳುವಂತೆ ಟಿಕೆಟ್ಟಿನ ದರವನ್ನೂ ಪಂದ್ಯದ ವೇಳೆಯನ್ನೂ ಇಡಬೇಕು.