ನಾಣ್ಯ ಹುಡುಕುವ ಹವ್ಯಾಸ: ಬ್ರಿಟನ್ನಿನ ಹೊಲಗಳಲ್ಲಿ ಮೆಟಲ್ ಡಿಟೆಕ್ಟರ್

ಮೆಟಲ್ ಡಿಟೆಕ್ಟರ್ ಹಿಡಿದು ಹೊಲ, ಹುಲ್ಲುಗಾವಲು, ಕಡಲತೀರಗಳಲ್ಲಿ ಹಳೆಯ ನಾಣ್ಯ ಹುಡುಕುವ ಹವ್ಯಾಸ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕ ಮತ್ತು ಬ್ರಿಟನ್ನಿನಲ್ಲಿ ಬೆಳೆಯಿತು. ಇಂಗ್ಲೆಂಡಿನಲ್ಲಂತೂ ಅದು ರಜಾದಿನದ ಕಾಲಕ್ಷೇಪವಾಗಿ ಉಳಿಯಲಿಲ್ಲ. ಪುರಾತತ್ತ್ವಜ್ಞರೊಂದಿಗೆ ಕಾದಾಡಿತು, ಹೊಸ ಕಾನೂನಿಗೆ ಕಾರಣವಾಯಿತು, ರಾಜರ ಚರಿತ್ರೆಯನ್ನೂ ತಿದ್ದಿಸಿತು.

ಯಂತ್ರ ಹುಟ್ಟಿದ್ದು ನಾಣ್ಯಕ್ಕಾಗಿ ಅಲ್ಲ. 1881ರ ಜುಲೈನಲ್ಲಿ ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್‌ಫೀಲ್ಡ್ ಅವರ ಮೇಲೆ ಗುಂಡು ಹಾರಿತು. ಮೈಯೊಳಗೆ ಉಳಿದ ಗುಂಡು ಎಲ್ಲಿದೆಯೆಂದು ಕಂಡುಹಿಡಿಯಲು ಅಲೆಕ್ಸಾಂಡರ್ ಗ್ರಹಾಂ ಬೆಲ್ ತಂತಿಸುರುಳಿಗಳ ಒಂದು ಸಾಧನ ತಂದರು. ವೈದ್ಯರು ಬಲಭಾಗವನ್ನಷ್ಟೇ ಪರೀಕ್ಷಿಸಲು ಬಿಟ್ಟರು. ಹಾಸಿಗೆಯ ಉಕ್ಕಿನ ಸ್ಪ್ರಿಂಗುಗಳು ಬೇರೆ ಅಡ್ಡಿ ಮಾಡಿದವು. ಸೆಪ್ಟೆಂಬರಿನಲ್ಲಿ ಅಧ್ಯಕ್ಷರು ತೀರಿಕೊಂಡ ಮೇಲೆ ನೋಡಿದರೆ ಗುಂಡು ಎಡಭಾಗದಲ್ಲಿತ್ತು. ಜರ್ಮನಿಯಿಂದ ಕ್ಯಾಲಿಫೋರ್ನಿಯಾಕ್ಕೆ ವಲಸೆ ಬಂದಿದ್ದ ಗೆರ್ಹಾರ್ಡ್ ಫಿಶರ್ 1930ರ ದಶಕದಲ್ಲಿ ಹೊತ್ತೊಯ್ಯಬಲ್ಲ ಲೋಹಶೋಧಕಕ್ಕೆ ಪೇಟೆಂಟ್ ಪಡೆದರು. ಎರಡನೆಯ ಮಹಾಯುದ್ಧದಲ್ಲಿ ಪೋಲೆಂಡಿನ ಸೇನಾಧಿಕಾರಿ ಯೂಜೆಫ್ ಕೊಸಾತ್ಸ್ಕಿ ಸ್ಕಾಟ್ಲೆಂಡಿನಲ್ಲಿದ್ದಾಗ ರೂಪಿಸಿದ ನೆಲಬಾಂಬ್ ಶೋಧಕ 1942ರ ಎಲ್ ಅಲಮೇನ್ ಕದನದಲ್ಲಿ ಮರಳಿಗಿಳಿಯಿತು. ಯುದ್ಧ ಮುಗಿದ ಮೇಲೆ ಸೇನೆಗೆ ಬೇಡವಾದ ಇಂಥ ಯಂತ್ರಗಳೇ ನಿಧಿ ಹುಡುಕುವವರ ಕೈಸೇರಿದವು. ಟ್ರಾನ್ಸಿಸ್ಟರ್ ಬಂದು ತೂಕ ಇಳಿಯಿತು. 1964ರಲ್ಲಿ ಟೆಕ್ಸಾಸಿನಲ್ಲಿ ಗ್ಯಾರೆಟ್ ಕಂಪನಿ ಶುರುವಾಯಿತು. 1970ರ ದಶಕಕ್ಕೆ ಬ್ರಿಟನ್ನಿನಲ್ಲಿ ಹವ್ಯಾಸಕ್ಕೆ ಭರಾಟೆ ಬಂತು.

ಕೋಲಿನ ತುದಿಯ ಬಿಲ್ಲೆಯೊಳಗಿನ ಒಂದು ಸುರುಳಿ ಕಾಂತಕ್ಷೇತ್ರವನ್ನು ಮಣ್ಣಿಗೆ ಕಳಿಸುತ್ತದೆ. ಕೆಳಗೆ ಲೋಹವಿದ್ದರೆ ಅದರಲ್ಲಿ ಸಣ್ಣ ವಿದ್ಯುತ್ ಪ್ರವಾಹ ಸುತ್ತಿ, ತನ್ನದೇ ಕ್ಷೇತ್ರವನ್ನು ಹಿಂದಕ್ಕೆ ಬೀರುತ್ತದೆ. ಇನ್ನೊಂದು ಸುರುಳಿ ಅದನ್ನು ಹಿಡಿದು ಸದ್ದು ಮಾಡುತ್ತದೆ. ಒಂಟಿ ನಾಣ್ಯವಾದರೆ ಸಾಮಾನ್ಯವಾಗಿ ಒಂದು ಗೇಣಿನ ಆಳದವರೆಗಷ್ಟೇ ಸಿಗುತ್ತದೆ. ಪಾನೀಯದ ಡಬ್ಬಿಯ ಅಲ್ಯೂಮಿನಿಯಂ ಉಂಗುರವೂ ನಾಣ್ಯದಂತೆಯೇ ಕೂಗುವುದರಿಂದ ದಿನವಿಡೀ ಕಸವನ್ನೇ ಅಗೆಯುವುದು ಇಲ್ಲಿ ಮಾಮೂಲು. ಇಷ್ಟೆಲ್ಲ ಕಷ್ಟದ ನಡುವೆ ಮಧ್ಯಯುಗದ ಒಂದು ಬೆಳ್ಳಿ ಪೆನ್ನಿಯ ಕಾಲುಭಾಗ ಸಿಕ್ಕಿತೆನ್ನಿ. ಕಾಗದದಷ್ಟು ತೆಳು, ಅಂಚಿನಲ್ಲಿ ಎರಡು ಮೂರು ಅಕ್ಷರ, ಎರಡು ಕಡೆ ನೇರವಾಗಿ ಕತ್ತರಿಸಿದ ಗುರುತು. ಚಿಲ್ಲರೆ ಇಲ್ಲದ ಕಾಲದಲ್ಲಿ ಪೆನ್ನಿಯನ್ನೇ ಅರ್ಧ, ಕಾಲು ಮಾಡಿ ಚಲಾಯಿಸುತ್ತಿದ್ದರು. 1247ರಲ್ಲಿ ಮೂರನೆಯ ಹೆನ್ರಿ ನಾಣ್ಯದ ಹಿಂಬದಿಯ ಶಿಲುಬೆಯನ್ನು ಅಂಚಿನವರೆಗೆ ಚಾಚಿಸಿದ. ಅಂಚು ಕೆತ್ತಿ ಬೆಳ್ಳಿ ಕದ್ದರೆ ಕೂಡಲೇ ಗೊತ್ತಾಗಲಿ ಎಂಬುದು ಉದ್ದೇಶ. ಸಾಮಾನ್ಯ ಜನರ ವ್ಯವಹಾರ ಇಂಥ ಚೂರುಗಳಲ್ಲಿ ಕಾಣುವಷ್ಟು ಬಂಗಾರದ ನಿಧಿಗಳಲ್ಲಿ ಕಾಣುವುದಿಲ್ಲ.

ಪುರಾತತ್ತ್ವಜ್ಞರಿಗೆ ಮಾತ್ರ ಈ ಹವ್ಯಾಸ ಕಳ್ಳತನದಂತೆ ಕಂಡಿತು. 1980ರಲ್ಲಿ ಅವರು ಇದರ ವಿರುದ್ಧ ಪ್ರಚಾರಾಂದೋಲನ ನಡೆಸಿದರು; ಮರುವರ್ಷ ಹವ್ಯಾಸಿಗಳು ತಮ್ಮ ರಾಷ್ಟ್ರೀಯ ಮಂಡಳಿ ಕಟ್ಟಿಕೊಂಡರು. ಆತಂಕ ಸುಳ್ಳಾಗಿರಲಿಲ್ಲ. ಎಂಬತ್ತರ ದಶಕದ ನಡುವೆ ಸರ್ರೆ ಪ್ರಾಂತ್ಯದ ವಾನ್‌ಬರೋದಲ್ಲಿ ರೋಮನ್ ಕಾಲದ ದೇಗುಲದ ನೆಲೆಯನ್ನು ರಾತ್ರೋರಾತ್ರಿ ಅಗೆದು ನಾಣ್ಯಗಳನ್ನು ದೋಚಿದರು. ಹಳೆಯ ಕಾನೂನಿನಲ್ಲಿ ಚಿನ್ನ-ಬೆಳ್ಳಿಯನ್ನು ಮರಳಿ ಪಡೆಯುವ ಇರಾದೆಯಿಂದಲೇ ಹೂತಿದ್ದರೆಂದು ಸಾಬೀತಾದರೆ ಮಾತ್ರ ಅದು ನಿಧಿ. ದೇವರಿಗೆ ಅರ್ಪಿಸಿದ್ದಕ್ಕೆ ರಕ್ಷಣೆಯೇ ಇರಲಿಲ್ಲ. ಈ ಕಹಿಯಿಂದಲೇ 1996ರ ನಿಧಿ ಕಾಯ್ದೆ ಹುಟ್ಟಿ ಮರುವರ್ಷ ಜಾರಿಗೆ ಬಂತು. 300 ವರ್ಷಕ್ಕಿಂತ ಹಳೆಯದಾದ ಎರಡು ಚಿನ್ನ ಅಥವಾ ಬೆಳ್ಳಿ ನಾಣ್ಯ ಒಂದೆಡೆ ಸಿಕ್ಕರೂ 14 ದಿನದೊಳಗೆ ವರದಿ ಮಾಡಬೇಕು. ವಸ್ತು ಸಂಗ್ರಹಾಲಯಕ್ಕೆ ಹೋದರೆ ಮಾರುಕಟ್ಟೆ ಬೆಲೆ ಬಹುಮಾನವಾಗಿ ಬರುತ್ತದೆ; ಶೋಧಕ ಮತ್ತು ಜಮೀನಿನ ಮಾಲೀಕರು ಸಾಮಾನ್ಯವಾಗಿ ಸಮಪಾಲು ಮಾಡಿಕೊಳ್ಳುತ್ತಾರೆ. ನಿಧಿಯ ವ್ಯಾಖ್ಯೆಗೆ ಬಾರದ ಬಿಡಿ ವಸ್ತುಗಳನ್ನು ಸ್ವಇಚ್ಛೆಯಿಂದ ದಾಖಲಿಸಲು 1997ರಲ್ಲಿ ಶುರುವಾದ ಯೋಜನೆಯಲ್ಲಿ ಈಗ ಹತ್ತು ಲಕ್ಷಕ್ಕೂ ಹೆಚ್ಚು ವಸ್ತುಗಳಿವೆ.

ನಾಣ್ಯ ಎಲ್ಲಿ, ಯಾವುದರ ಜೊತೆ, ಹೇಗೆ ಬಿದ್ದಿತ್ತು ಎಂಬುದೇ ಮುಖ್ಯವೆಂದು ಹವ್ಯಾಸಿಗಳೇ ತೋರಿಸಿಕೊಟ್ಟ ಉದಾಹರಣೆಗಳಿವೆ. 1992ರ ನವೆಂಬರಿನಲ್ಲಿ ಸಫೋಕ್‌ನ ಹಾಕ್ಸ್ನಿಯಲ್ಲಿ ರೈತನೊಬ್ಬನ ಕಳೆದುಹೋದ ಸುತ್ತಿಗೆ ಹುಡುಕಲು ಹೋದವರಿಗೆ ರೋಮನ್ ನಿಧಿ ಸಿಕ್ಕಿತು. ಅವರು ಪೂರ್ತಿ ಅಗೆಯದೆ ಸುದ್ದಿ ಮುಟ್ಟಿಸಿದ್ದರಿಂದ ಮರದ ಪೆಟ್ಟಿಗೆಯೊಳಗೆ ಸಾಮಾನು ಜೋಡಿಸಿದ್ದ ಬಗೆ ತಿಳಿಯಿತು. 14,865 ನಾಣ್ಯಗಳ ಜೊತೆ ಬೆಳ್ಳಿಯ ಕರಿಮೆಣಸಿನ ಡಬ್ಬಿಗಳೂ ಇದ್ದವು. ಆ ಮೆಣಸು ಹಡಗೇರುತ್ತಿದ್ದುದು ದಕ್ಷಿಣ ಭಾರತದ ಪಶ್ಚಿಮ ಕರಾವಳಿಯಿಂದ. 2010ರಲ್ಲಿ ಸಾಮರ್ಸೆಟ್‌ನ ಫ್ರೋಮ್ ಬಳಿ ಇನ್ನೊಬ್ಬರು ಮಡಕೆಯ ಬಾಯಿ ಕಂಡೊಡನೆ ಕೈ ನಿಲ್ಲಿಸಿದರು. ತಜ್ಞರು ಪದರ ಪದರವಾಗಿ ತೆಗೆದ 52,503 ನಾಣ್ಯಗಳಲ್ಲಿ ತೀರಾ ಈಚಿನವು ಹೆಚ್ಚಾಗಿ ಮಡಕೆಯ ಕೆಳಭಾಗದಲ್ಲಿದ್ದವು. ಅಂದರೆ ವರ್ಷವರ್ಷ ಕೂಡಿಟ್ಟ ಉಳಿತಾಯವಲ್ಲ, ಒಮ್ಮೆಗೇ ಸುರಿದದ್ದು. ಹರಕೆಯೋ ಏನೋ ಎಂಬ ಊಹೆ ಹುಟ್ಟಿದ್ದು ಹೀಗೆ. ಮಡಕೆಯನ್ನು ಬೋರಲು ಹಾಕಿದ್ದರೆ ಈ ಸುಳಿವು ಉಳಿಯುತ್ತಿರಲಿಲ್ಲ.

2015ರಲ್ಲಿ ಈ ಹವ್ಯಾಸದ ಎರಡೂ ಮುಖ ಒಟ್ಟಿಗೇ ಕಂಡವು. ಆಕ್ಸ್‌ಫರ್ಡ್‌ಶೈರಿನ ವಾಟ್ಲಿಂಗ್ಟನ್‌ನಲ್ಲಿ ಸಿಕ್ಕ ವೈಕಿಂಗ್ ನಿಧಿಯಲ್ಲಿ ವೆಸೆಕ್ಸ್‌ನ ದೊರೆ ಆಲ್ಫ್ರೆಡ್ ಮತ್ತು ಮರ್ಸಿಯಾದ ದೊರೆ ಎರಡನೆಯ ಕೆಯೊಲ್‌ವುಲ್ಫ್ ಇಬ್ಬರೂ ಒಂದೇ ಮಾದರಿಯಲ್ಲಿ ಟಂಕಿಸಿದ, ಅಕ್ಕಪಕ್ಕ ಕುಳಿತ ಇಬ್ಬರು ಚಕ್ರವರ್ತಿಗಳ ಚಿತ್ರವಿರುವ ನಾಣ್ಯಗಳಿದ್ದವು. ಆಲ್ಫ್ರೆಡ್‌ನ ಕಾಲದ ವೃತ್ತಾಂತ ಕೆಯೊಲ್‌ವುಲ್ಫ್‌ನನ್ನು ವೈಕಿಂಗರ ಕೈಗೊಂಬೆಯೆಂದು ಬದಿಗೊತ್ತಿತ್ತು. ನಾಣ್ಯಗಳು ಅವರಿಬ್ಬರ ಮೈತ್ರಿಗೆ ಸಾಕ್ಷಿ ನುಡಿದವು. ಅದೇ ವರ್ಷ ಲೆಮ್‌ಸ್ಟರ್ ಬಳಿ ಸಿಕ್ಕ ಅಂಥದೇ ನಿಧಿಯನ್ನು ಇಬ್ಬರು ಬಚ್ಚಿಟ್ಟು ಮಾರಲು ಹೊರಟರು. 2019ರಲ್ಲಿ ಅವರಿಗೆ ಜೈಲಾಯಿತು. ಸುಮಾರು 300 ಇದ್ದಿರಬಹುದೆಂದು ಅಂದಾಜಿಸಿದ ನಾಣ್ಯಗಳಲ್ಲಿ ವಿಚಾರಣೆಯ ಹೊತ್ತಿಗೆ ಕೈಗೆ ಬಂದದ್ದು 31 ಮಾತ್ರ.

ಇತ್ತ ಭಾರತದಲ್ಲೂ 1878ರ ನಿಧಿ ಕಾಯ್ದೆ, ಕರ್ನಾಟಕದಲ್ಲಿ 1962ರ ನಿಧಿ ಕಾಯ್ದೆ ಇವೆ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಲೇಬೇಕು. ನಾಣ್ಯಗಳು ಇಲ್ಲಿ ಹೆಚ್ಚಾಗಿ ನೇಗಿಲಿಗೋ ಪಾಯ ತೋಡುವಾಗಲೋ ಸಿಗುತ್ತವೆ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರೈಲ್ವೆ ಕೆಲಸದ ವೇಳೆ 163 ರೋಮನ್ ಬೆಳ್ಳಿ ನಾಣ್ಯ ಸಿಕ್ಕವು. ನಾಣ್ಯ ಹೇಗೆ ಬಿದ್ದಿತ್ತು ಎಂಬುದರ ಬೆಲೆ ಇಲ್ಲೂ ಕಂಡುಬಂದಿದೆ: 1947ರಲ್ಲಿ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಮಾರ್ಟಿಮರ್ ವೀಲರ್ ನಡೆಸಿದ ಉತ್ಖನನದಲ್ಲಿ ತನ್ನ ಪದರದಲ್ಲೇ ಸಿಕ್ಕ ರೋಮನ್ ಚಕ್ರವರ್ತಿ ಟಿಬೇರಿಯಸ್‌ನ ಒಂದು ನಾಣ್ಯ ಅಲ್ಲಿನ ಶಾತವಾಹನ ನೆಲೆಯ ಕಾಲವನ್ನು ಗೊತ್ತುಮಾಡಲು ನೆರವಾಯಿತು.