ಆತಕೂರಿನ ನಾಯಿ ಮತ್ತು ಅರಸರ ಜಾಣ್ಮೆ

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ವೀರಗಲ್ಲೊಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿದೆ. ಅದರ ಮೇಲೆ ಕಾದಾಡುತ್ತಿರುವುದು ವೀರರಲ್ಲ; ಒಂದು ನಾಯಿ, ಒಂದು ಕಾಡುಹಂದಿ. ಆದರೆ ಕ್ರಿ.ಶ. 949-50ರ ಈ ಕಲ್ಲಿನಲ್ಲಿ ನಾಯಿಯ ಕಥೆಯಷ್ಟೇ ಇಲ್ಲ. ಜೀವದ ಮೇಲೆ ಆಸೆಯಿರುವ ಮನುಷ್ಯನನ್ನು ಕಾಳಗಕ್ಕೆ ಹೊರಡಿಸುವ ಗುಟ್ಟು ಅಂದಿನ ಅರಸರಿಗೆ ಎಷ್ಟು ಚೆನ್ನಾಗಿ ತಿಳಿದಿತ್ತೆಂಬುದೂ ಇದೆ.

ತಕ್ಕೋಲದ ಯುದ್ಧದಲ್ಲಿ ಗಂಗರ ಬೂತುಗ, ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಪರವಾಗಿ ಕಾದಿ ಚೋಳ ರಾಜಾದಿತ್ಯನನ್ನು ಕೊಂದನೆಂದು ಶಾಸನ ಹೇಳುತ್ತದೆ. ಚಕ್ರವರ್ತಿ ಅವನಿಗೆ ಬನವಾಸಿ ಪನ್ನಿರ್ಚ್ಛಾಸಿರ, ಬೆಳ್ವೊಲ ಮುನ್ನೂರು ಮೊದಲಾದ ನಾಡುಗಳನ್ನೇ ಕೊಟ್ಟ. ಬೂತುಗ ತನ್ನ ಬಂಟ ಮಣಲೆರನ ಪರಾಕ್ರಮಕ್ಕೆ ಮೆಚ್ಚಿ, ಬೇಕಾದುದನ್ನು ಬೇಡಿಕೊಳ್ಳುವಂತೆ ಹೇಳಿದ. ಮಣಲೆರ ಹೊನ್ನು ಬೇಡಲಿಲ್ಲ. ಅರಸನ ಬಳಿಯಿದ್ದ ಕಾಳಿ ಎಂಬ ನಾಯಿಯನ್ನು ಬೇಡಿದ! ಹೊನ್ನು ಇಂದಲ್ಲ ನಾಳೆ ಕರಗುತ್ತದೆ. ಅರಸನ ನಾಯಿ ತನ್ನ ಹಿಂದೆ ನಡೆದು ಬರುವುದನ್ನು ಊರೆಲ್ಲ ನೋಡುತ್ತದೆ. ಬೂತುಗ ನಾಯಿಯನ್ನು ಕೊಟ್ಟ. ಜೊತೆಗೆ ಆತಕೂರು ಹನ್ನೆರಡನ್ನೂ ಬಾಳ್ಗಚ್ಚಾಗಿ ಕೊಟ್ಟ. ಬಾಳ್ಗಚ್ಚು ಎಂದರೆ ಕತ್ತಿ ತೊಳೆಯುವುದು. ಗೆದ್ದ ಕತ್ತಿಯನ್ನು ತೊಳೆದು ಕೊಡುವ ದತ್ತಿಗೂ ಅದೇ ಹೆಸರು.

ಮಣಲೆರ ಬದುಕಿ ಬಂದವನು. ಬಾರದವರ ಮಾತೇನು? ತಾನು ಬಿದ್ದರೆ ಹೆಂಡತಿ ಮಕ್ಕಳ ಗತಿಯೇನು ಎಂಬುದೇ ಹೊರಟವನ ಮೊದಲ ಚಿಂತೆ. ಅದಕ್ಕೆ ಉತ್ತರವಾಗಿ ಇದ್ದದ್ದು ನೆತ್ತರುಗೊಡಗೆ, ಅಂದರೆ ಮಡಿದವನ ಮನೆಯವರಿಗೆ ಬಿಡುವ ಭೂಮಿ. ಸತ್ತ ಮೇಲೆ ತನ್ನ ಗತಿಯೇನು ಎಂಬ ಎರಡನೆಯ ಚಿಂತೆಗೆ ವೀರಗಲ್ಲು ಉತ್ತರ ಹೇಳಿತು. ಸಾಮಾನ್ಯವಾಗಿ ಅದರ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ಓದು ಬಾರದವನಿಗೂ ಅರ್ಥವಾಗುವ ಚಿತ್ರ. ಸ್ವರ್ಗಕ್ಕೆ ಬೊಕ್ಕಸದಿಂದ ಕಾಸೂ ಖರ್ಚಾಗುವುದಿಲ್ಲ ಎಂದು ಇಂದಿನವರು ನಗಬಹುದು. ಆದರೆ ಕಲ್ಲು ನಿಲ್ಲಿಸಿದವರೆಲ್ಲ ಅರಸರಲ್ಲ. ಕಳ್ಳರು ಹೊಡೆದುಕೊಂಡು ಹೋದ ದನಗಳನ್ನು ಬಿಡಿಸಲು ಹೋಗಿ ಸತ್ತವರಿಗೆ ಅವರ ಬಂಧುಗಳೂ ಊರವರೂ ಕಲ್ಲು ನಿಲ್ಲಿಸಿದ್ದಾರೆ. ನಂಬಿಕೆ ಮೇಲಿನಿಂದ ಹೇರಿದ್ದಷ್ಟೇ ಆಗಿದ್ದರೆ ಕನ್ನಡ ನಾಡಿನ ಹಳ್ಳಿಹಳ್ಳಿಯಲ್ಲೂ ಇಷ್ಟೊಂದು ವೀರಗಲ್ಲುಗಳು ಇರುತ್ತಿರಲಿಲ್ಲ.

ಕಾಳಿಯ ವಿಷಯಕ್ಕೆ ಬಂದರೆ, ಹಂದಿಯ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಸತ್ತವು. ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ನಾಯಿಗೆ ಕಲ್ಲು ನಿಂತಿತು; ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಮಣ್ಣನ್ನು ಬಿಟ್ಟರು. ಕೊಟ್ಟ ಭೂಮಿಯನ್ನು ಉಂಡು ಕೆಲಸ ಮರೆಯುವುದೂ ಮನುಷ್ಯಸ್ವಭಾವವೇ. ಅದಕ್ಕೂ ಶಾಸನ ಬರೆಸಿದವನು ಒಂದು ಏರ್ಪಾಡು ಮಾಡಿಟ್ಟ: ಗುಡಿಯ ಗೊರವ ಈ ಕಲ್ಲನ್ನು ಪೂಜಿಸದೆ ಉಂಡರೆ, ನಾಯಿ ಮಾಡಿದ ಪಾಪವೆಲ್ಲ ಅವನದು.