ಸಾಲ್ಮನ್ ಮೀನಿಗೆ ಎರೆಯ ಆಯ್ಕೆ: ಹಸಿವಿಲ್ಲದ ಮೀನು, ಹುಸಿ ಎರೆ

ಗಾಳಗಾರರ ಪಾಲಿಗೆ ಸಾಲ್ಮನ್ ಹಳೆಯ ಒಗಟು. ನದಿಯಲ್ಲಿ ಹುಟ್ಟಿ ಕಡಲಲ್ಲಿ ಬೆಳೆಯುವ ಅಟ್ಲಾಂಟಿಕ್ ಸಾಲ್ಮನ್, ಮೊಟ್ಟೆಯಿಡುವ ಸಲುವಾಗಿ ತನ್ನ ಹುಟ್ಟೂರಿನ ನದಿಗೇ ಮರಳುತ್ತದೆ. ಸಿಹಿನೀರು ಸೇರಿದ ಮೇಲೆ ಅದು ಆಹಾರ ಸೇವಿಸುವುದನ್ನು ಬಹುಮಟ್ಟಿಗೆ ನಿಲ್ಲಿಸಿ, ಕಡಲಲ್ಲಿ ಕೂಡಿಟ್ಟ ಕೊಬ್ಬಿನ ಬಲದಿಂದಲೇ ತಿಂಗಳುಗಟ್ಟಲೆ ಬದುಕುತ್ತದೆ. ಹಾಗಿದ್ದೂ ಕೆಲವೊಮ್ಮೆ ಗಾಳಕ್ಕೆ ಬಾಯಿ ಹಾಕುತ್ತದೆ. ಅದು ಕಡಲಿನ ದಿನಗಳ ಅಭ್ಯಾಸಬಲವೋ, ತನ್ನ ಠಾವಿಗೆ ನುಗ್ಗಿದ ವಸ್ತುವಿನ ಮೇಲಿನ ಸಿಟ್ಟೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಹೀಗಾಗಿ ಇಲ್ಲಿ ಎರೆಯ ಕೆಲಸ ಮೀನಿಗೆ ಉಣಿಸುವುದಲ್ಲ, ಅದನ್ನು ಕೆಣಕುವುದು. (ನಮ್ಮ ಮೀನಂಗಡಿಗಳಲ್ಲಿ ‘ಇಂಡಿಯನ್ ಸಾಲ್ಮನ್’ ಎಂಬ ಹೆಸರಿನಲ್ಲಿ ಸಿಗುವ ರಾವಸ್ ಈ ಕುಲದ್ದಲ್ಲ.)

ನೀರು ನೋಡಿ ಎರೆ

ಸ್ಕಾಟ್ಲೆಂಡಿನ ನದಿಗಳಲ್ಲಿ ನುರಿತವರು ಎರೆಯ ಪೆಟ್ಟಿಗೆ ತೆರೆಯುವ ಮುನ್ನ ನೀರಿಗೆ ಉಷ್ಣಮಾಪಕ ಇಳಿಬಿಡುತ್ತಾರೆ. ನೀರು ಸುಮಾರು 9 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಮೀನು ತಳ ಹಿಡಿದು ಕುಳಿತಿರುತ್ತದೆ, ದೂರ ಬೆನ್ನಟ್ಟಿ ಬರುವುದಿಲ್ಲ. ಆಗ ಎರಡು-ಮೂರು ಅಂಗುಲದ ದೊಡ್ಡ, ಭಾರದ ಎರೆಯನ್ನು ಮೀನಿನ ಮೂಗಿನ ಹತ್ತಿರಕ್ಕೇ ನಿಧಾನವಾಗಿ ಒಯ್ಯಬೇಕು; ಹಿತ್ತಾಳೆ ಕೊಳವೆಯ ಮೇಲೆ ಕೂದಲು ಕಟ್ಟಿದ ‘ಟ್ಯೂಬ್ ಫ್ಲೈ’ ಬಳಕೆಯಾಗುವುದು ಇಂಥ ಹೊತ್ತಿನಲ್ಲೇ. ನೀರು ಬೆಚ್ಚಗಾದಂತೆ ಮೀನು ಚುರುಕಾಗಿ ಮೇಲೆದ್ದು ಬರುತ್ತದೆ, ಎರೆ ಕಿರಿದಾಗುತ್ತದೆ. ಬೇಸಿಗೆಯ ತೆಳು ಹರಿವಿಗೆ ಕಿರುಬೆರಳಿನ ಉಗುರಿನಷ್ಟು ಎರೆಯೂ ಸಾಕು. ಡೀ ನದಿಯ ಕೇರ್ನ್‌ಟನ್‌ನಲ್ಲಿ ಆರ್ಥರ್ ವುಡ್ ಕಳೆದ ಶತಮಾನದ ಮೊದಲ ದಶಕಗಳಲ್ಲಿ ದಾರಕ್ಕೆ ಜಿಡ್ಡು ಸವರಿ ತೇಲಿಸುತ್ತಿದ್ದುದು ಈ ಚಿಕ್ಕ ಎರೆಯನ್ನು ನೀರಿನ ಮೇಲ್ಪದರದಲ್ಲೇ ಉಳಿಸಲೆಂದು.

ಬಣ್ಣದ ಮಾತು ಎರಡನೆಯದು. ಪೀಟ್ ಮಣ್ಣಿನಿಂದ ಚಹಾದಂತೆ ಕಂದಿದ ನೀರಿಗೆ ಕಿತ್ತಳೆ, ಹಳದಿ, ಕಪ್ಪು ಬೆರೆತ ‘ವಿಲ್ಲಿ ಗನ್’ ಜನಪ್ರಿಯ. ತಿಳಿನೀರಿಗೆ ಕಪ್ಪು, ಬೆಳ್ಳಿ, ನೀಲಿ. ಕೆಂಪು ಆಳದಲ್ಲಿ ಬೇಗ ಮಾಸುವುದರಿಂದ ಅಲ್ಲಿ ಮೀನಿಗೆ ಕಾಣುವುದು ಆಕಾರ ಮತ್ತು ಚಲನೆ ಮಾತ್ರ. ಅಂಗಡಿಯ ಗಾಜಿನ ಕಪಾಟಿನಲ್ಲಿ ಮಿನುಗುವ ಬಣ್ಣಗಳಲ್ಲಿ ಅನೇಕವು ಮೀನಿಗಿಂತ ಗಿರಾಕಿಯನ್ನೇ ಹೆಚ್ಚಾಗಿ ಹಿಡಿಯುತ್ತವೆ.

ಮಳೆ ಬಂದು ಉಬ್ಬಿದ ನದಿಗೆ ಲೋಹದ ಎರೆಗಳೇ ಸರಿ. ಓಲಾಡುತ್ತ ಹೊಳೆಯುವ ಸ್ಪೂನ್‌ಗೆ ಅಮೆರಿಕದ ಜೂಲಿಯೊ ಬ್ಯುಯೆಲ್ 1852ರಲ್ಲೇ ಪೇಟೆಂಟ್ ಪಡೆದಿದ್ದ. ಗಿರಗಿರನೆ ತಿರುಗುವ ಸ್ಪಿನ್ನರ್ ನೀರಿನಲ್ಲಿ ಕಂಪನ ಎಬ್ಬಿಸುವುದರಿಂದ ಕಲಕಿದ ನೀರಿನಲ್ಲೂ ಮೀನಿಗೆ ಅರಿವಾಗುತ್ತದೆ. ಬ್ರಿಟನ್ನಿನ ದಾಖಲೆಯ ಸಾಲ್ಮನ್ ಮಾತ್ರ ಲೋಹಕ್ಕೂ ಗರಿಗೂ ಬಿದ್ದುದಲ್ಲ. 1922ರ ಅಕ್ಟೋಬರ್‌ನಲ್ಲಿ ಟೇ ನದಿಯಲ್ಲಿ ಜಾರ್ಜಿನಾ ಬ್ಯಾಲಂಟೈನ್ ಹಿಡಿದ 64 ಪೌಂಡಿನ, ಅಂದರೆ ಸುಮಾರು 29 ಕಿಲೋ ತೂಕದ ಆ ಮೀನಿಗೆ ಎರೆಯಾಗಿದ್ದುದು ಕೊಕ್ಕೆಗೆ ಪೋಣಿಸಿದ ಡೇಸ್ ಎಂಬ ಚಿಕ್ಕ ಮೀನು.

ಕಾಡುಕೋಳಿಯ ಗರಿ

ವಿಕ್ಟೋರಿಯಾ ರಾಣಿಯ ಕಾಲದವರು ಇಷ್ಟು ಸರಳವಾಗಿ ಯೋಚಿಸಲಿಲ್ಲ. ಜಾರ್ಜ್ ಕೆಲ್ಸನ್ 1895ರಲ್ಲಿ ಪ್ರಕಟಿಸಿದ ‘ದಿ ಸಾಲ್ಮನ್ ಫ್ಲೈ’ ಗ್ರಂಥದಲ್ಲಿ ಒಂದೊಂದು ಎರೆಗೂ ದೇಶದೇಶಗಳ ಹಕ್ಕಿಗಳ ಗರಿ ಬೇಕು. ಅವುಗಳಲ್ಲಿ ಕನ್ನಡ ನಾಡಿನ ನಂಟೂ ಇದೆ. ಪಶ್ಚಿಮಘಟ್ಟದ ಕಾಡುಗಳಲ್ಲಿ ಮೇಯುವ ಬೂದು ಕಾಡುಕೋಳಿ ಹುಂಜದ ಕತ್ತಿನ ಗರಿಯಲ್ಲಿ ಮೇಣ ಸವರಿದಂತೆ ಹೊಳೆಯುವ ಚುಕ್ಕೆಗಳಿವೆ. ಎರೆಗೆ ಕಣ್ಣು ಮೂಡಿಸಲು ಅದಕ್ಕೆ ಸಾಟಿಯಿಲ್ಲವೆಂದು ನಂಬಿಕೆ. ಭಾರತ ಈ ಗರಿಗಳ ರಫ್ತನ್ನು ನಿಷೇಧಿಸಿದ ಬಳಿಕ ಬ್ರಿಟನ್ನಿನಲ್ಲೇ ಸಾಕಿದ ಹಕ್ಕಿಗಳು ಆ ಬೇಡಿಕೆ ಪೂರೈಸುತ್ತಿವೆ. ಗರಿಯ ಗೀಳು ಎಲ್ಲಿಗೆ ಮುಟ್ಟೀತೆಂಬುದಕ್ಕೆ 2009ರ ಜೂನ್‌ನ ಪ್ರಕರಣವೇ ಸಾಕ್ಷಿ. ಇಂಗ್ಲೆಂಡಿನ ಟ್ರಿಂಗ್ ವಸ್ತುಸಂಗ್ರಹಾಲಯದಿಂದ 299 ಹಕ್ಕಿಗಳ ಚರ್ಮ ಕಳುವಾದವು. ಆಲ್ಫ್ರೆಡ್ ರಸೆಲ್ ವಾಲೇಸ್ ಸಂಗ್ರಹಿಸಿದ್ದವೂ ಅವುಗಳಲ್ಲಿದ್ದವು. ಕದ್ದವನು ಎರೆ ಕಟ್ಟುವ ಕಲೆಗೆ ಮರುಳಾಗಿದ್ದ ಯುವ ಕೊಳಲುವಾದಕ. ಸಾಧಾರಣ ಅಳಿಲಿನ ಬಾಲದ ಕೂದಲಿಗೂ ಸಾಲ್ಮನ್ ಅಷ್ಟೇ ಸಲೀಸಾಗಿ ಬಾಯಿ ಹಾಕುತ್ತದೆ ಎಂಬುದು ಈ ಕಥೆಯ ಸೋಜಿಗ.

ಪೆಸಿಫಿಕ್ ಕಡಲಿನಲ್ಲಿ ಲೆಕ್ಕವೇ ಬೇರೆ. ಅಲ್ಲಿ ದೋಣಿಯಿಂದ ಎಳೆಯುವ ಎರೆಯನ್ನು ಎದುರುಗೊಳ್ಳುವ ಚಿನೂಕ್, ಕೋಹೊ ಸಾಲ್ಮನ್‌ಗಳು ನಿಜಕ್ಕೂ ಹಸಿದ ಮೀನುಗಳು. ಆದ್ದರಿಂದ ಅವು ಬೇಟೆಯಾಡುವ ಹೆರಿಂಗ್ ಮೀನಿನ ಗಾತ್ರ, ಬೆಳ್ಳಿಹೊಳಪು, ಈಜಿನ ರೀತಿಯನ್ನು ಅನುಕರಿಸುವ ಎರೆಯೇ ಉತ್ತಮ. ಸೂಕ್ಷ್ಮ ಜೀವಿಗಳನ್ನು ಹೆಚ್ಚಾಗಿ ತಿನ್ನುವ ಸಾಕೈ ಸಾಲ್ಮನ್‌ಗೆ ಪುಟ್ಟ ಎರೆ ಬೇಕು.

ಕೊಕ್ಕೆಯ ಪ್ರಶ್ನೆ

ಇಂದು ಎರೆಗಿಂತ ಅದರ ಕೊಕ್ಕೆಯ ಆಯ್ಕೆಯೇ ಗಂಭೀರ. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ ಐಯುಸಿಎನ್, 2023ರ ಡಿಸೆಂಬರ್‌ನಲ್ಲಿ ಅಟ್ಲಾಂಟಿಕ್ ಸಾಲ್ಮನ್ ಅನ್ನು ‘ಅಪಾಯದಂಚಿನ’ ಪಟ್ಟಿಗೆ ಸೇರಿಸಿತು. 2006ರಿಂದ 2020ರ ನಡುವೆ ಇದರ ಸಂಖ್ಯೆ ಶೇ. 23ರಷ್ಟು ಕುಸಿದಿತ್ತು. ಮರುವರ್ಷದ ಜೂನ್‌ನಲ್ಲಿ ನಾರ್ವೆ 33 ನದಿಗಳಲ್ಲಿ ಸಾಲ್ಮನ್ ಹಿಡಿಯುವುದನ್ನೇ ನಿಲ್ಲಿಸಿತು. ಹಿಡಿದ ಮೀನನ್ನು ಮರಳಿ ನೀರಿಗೆ ಬಿಡುವುದೇ ವಾಡಿಕೆಯಾದ ನದಿಗಳಲ್ಲಿ ಅದು ಬದುಕುಳಿಯುವುದು ಗಾಯದ ಆಳವನ್ನು ಅವಲಂಬಿಸಿದೆ. ಮೂರು ಮೊನೆಯ ಕೊಕ್ಕೆಯ ಬದಲು ಮುಳ್ಳಿಲ್ಲದ ಒಂಟಿ ಕೊಕ್ಕೆ ಬೇಗ ಬಿಡಿಸಿಕೊಳ್ಳುತ್ತದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದ ಕಡಲಿನಲ್ಲಿ ಸಾಲ್ಮನ್‌ಗೆ ಮುಳ್ಳಿಲ್ಲದ ಕೊಕ್ಕೆ ಕಡ್ಡಾಯ. ಮೀನು ಗಂಟಲಿಗೆ ನುಂಗಿಬಿಡುವ ಎರೆಹುಳುವಿಗೆ ಹಲವು ನದಿಗಳಲ್ಲಿ ನಿಷೇಧವಿದೆ. ನೀರಿನ ಉಷ್ಣತೆ 20 ಡಿಗ್ರಿಯ ಸುತ್ತ ಏರಿದಾಗ ಆಮ್ಲಜನಕ ಕಡಿಮೆಯಾಗಿ, ಬಿಡುಗಡೆಯಾದ ಮೀನೂ ಚೇತರಿಸಿಕೊಳ್ಳಲಾರದು. ಅಂಥ ದಿನ ಯಾವ ಎರೆಯೂ ಪೆಟ್ಟಿಗೆಯಿಂದ ಹೊರಬರುವಂತಿಲ್ಲ.